ಕುಕ್ಕರಿನಲ್ಲಿ ಕರೆಂಟು ಬೇಯಿಸಿದ ಭಾವ

1999ರ ಮಾರ್ಚ್ ತಿಂಗಳ ಒಂದು ಸಂಜೆ, ವಾರ್ತೆಯ ಹೊತ್ತಿಗೆ ಸರಿಯಾಗಿ, ಮೂಡಿಗೆರೆಯ ಒಂದು ಬೀದಿಯ ರೇಡಿಯೋಗಳೆಲ್ಲ ಏಕಕಾಲಕ್ಕೆ ಸುದ್ದಿ ಓದುವುದನ್ನು ನಿಲ್ಲಿಸಿ ಕಾಫಿಬೀಜ ಹುರಿಯುವಂಥ ಸದ್ದು ಮಾಡತೊಡಗಿದವು. ಕಾರಣರಾದವರು ನಮ್ಮ ಭಾವ. ‘ರೇಡಿಯೋ ಕೆಡಿಸಿದ್ರು’ ಎಂಬುದು ಬೀದಿಯವರ ಹೇಳಿಕೆ. ‘ನನ್ನ ಮನೆಯೊಳಗೆ ನಾನೊಂದು ಸ್ವಿಚ್ಚು ಒತ್ತಿದ್ದು ಹೌದು, ಉಳಿದದ್ದೆಲ್ಲ ಅವರವರ ರೇಡಿಯೋಗಳ ಹಣೆಬರಹ’ ಎಂಬುದು ಭಾವನವರ ಹೇಳಿಕೆ. ಎರಡೂ ಕಡೆಯವರನ್ನು ಕೇಳಿ ಬರೆಯುವುದು ನನ್ನ ಕಸುಬು. ಆದ್ದರಿಂದ ಎರಡನ್ನೂ ಇಲ್ಲಿ ಕೊಟ್ಟಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆಯಿಂದ ಕಳಸದವರೆಗಿನ ತೋಟಗಳಲ್ಲಿ ಪಲ್ಪರು, ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು ರಿಪೇರಿ ಮಾಡುವುದು ಅವರ ಉದ್ಯೋಗ. ಕೆಟ್ಟದ್ದನ್ನು ಸರಿಮಾಡುವುದರಲ್ಲಿ ಅವರು ತಾಲೂಕಿಗೇ ಹೆಸರಾದವರು. ಸರಿ ಇದ್ದದ್ದನ್ನು ಬಿಚ್ಚಿ ನೋಡುವುದರಲ್ಲಿ ಜಿಲ್ಲೆಗೇ ಹೆಸರಾದವರು!

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಕೊಯ್ಲಿನ ಕಾಲದಲ್ಲಿ ಅದು ನಿಂತಿತೆಂದರೆ ಕೊಯ್ದ ಹಣ್ಣೆಲ್ಲ ಹುಳಿಯುತ್ತದೆ, ಅದಕ್ಕೂ ಮುಂಚೆ ತೋಟದ ಮಾಲೀಕರ ಮುಖ ಹುಳಿಯುತ್ತದೆ. ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಹಾಗೆ ಪಲ್ಪರು ನಿಂತು, ತೋಟದ ಲೆಕ್ಕ ಬರೆಯುವ ರೈಟರು ಜೀಪು ಕಳಿಸಿ ಭಾವನನ್ನು ಕರೆಸಿಕೊಂಡರು. ಮಧ್ಯಾಹ್ನ ಮಾಲೀಕರು ಪಲ್ಪರ್ ಹೌಸಿಗೆ ಹೋಗಿ ನೋಡಿದರೆ ಅಲ್ಲಿ ಹಣ್ಣಿನ ರಾಶಿಯೂ ನೊಣಗಳೂ ಮಾತ್ರ ಇದ್ದವು. ಭಾವ ಬಂಗಲೆಯ ಹಜಾರದಲ್ಲಿದ್ದರು. ಮಾಲೀಕರ ತಂದೆಯ ಕಾಲದ, ಮಂಚದಷ್ಟು ಉದ್ದದ ರೇಡಿಯೋಗ್ರಾಂ ಒಂದರ ಬೆನ್ನು ಬಿಚ್ಚಿ, ತಲೆಯನ್ನು ಅದರೊಳಗೆ ಇಟ್ಟುಕೊಂಡು ಕೂತಿದ್ದರು.

“ಏನ್ರೀ, ಪಲ್ಪರ್ ಏನಾಯ್ತು?”

“ಅದಕ್ಕೇನೂ ಆಗಿಲ್ಲ, ಕೆಟ್ಟಿದೆ ಅಷ್ಟೆ. ಆದ್ರೆ ಇಲ್ನೋಡಿ, ಇದ್ರಲ್ಲಿ ನಾಲ್ಕು ವಾಲ್ವು ಇನ್ನೂ ಜೀವಂತ ಇದಾವೆ!”

ಮಾಲೀಕರು ರೇಡಿಯೋಗ್ರಾಮನ್ನು ಅಲ್ಲೇ ದಾನ ಮಾಡಿದರು. ಔದಾರ್ಯದಿಂದಲ್ಲ. ಅದು ಬಂಗಲೆ ಬಿಟ್ಟು ಹೋಗದೆ ಭಾವ ಪಲ್ಪರ್ ಹೌಸಿಗೆ ಬರುವವರಲ್ಲ ಎಂದು ಅವರಿಗೆ ಅರ್ಥವಾಗಿತ್ತು. ಕಾಫಿಗೆ ರೇಟು ಬಂದು ತೋಟದ ಮನೆಗಳಿಗೆಲ್ಲ ಜಪಾನಿನ ಹಾಡುಪೆಟ್ಟಿಗೆಗಳು ಬಂದಿಳಿದ ಕಾಲ ಅದು. ಅವು ಒಂದು ಬಾಗಿಲಿನಿಂದ ಒಳಗೆ ಬಂದರೆ ಹಳೆಯ ವಾಲ್ವ್ ರೇಡಿಯೋಗಳು ಇನ್ನೊಂದು ಬಾಗಿಲಿನಿಂದ ಹೊರಟು ಭಾವನ ಹಿತ್ತಲ ಶೆಡ್ಡಿಗೆ ಸೇರುತ್ತಿದ್ದವು. ವಾಲ್ವು ಎಂದರೆ ಹಳೆಯ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿತ್ತಲ್ಲ, ಆ ಗಾಜಿನ ಬುರುಡೆ. ಲೋಕ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಲೋಕ ಬಿಟ್ಟದ್ದನ್ನು ಹಿಡಿಯದಿದ್ದರೆ ಅವರು ನಮ್ಮ ಭಾವ ಹೇಗಾದಾರು?

ಇಷ್ಟಕ್ಕೇ ನಿಂತಿದ್ದರೆ ಅದೊಂದು ನಿರುಪದ್ರವಿ ಹುಚ್ಚು ಎಂದು ನಾವೆಲ್ಲ ಸುಮ್ಮನಿರುತ್ತಿದ್ದೆವು. ಆದರೆ ನಡುವೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು.

ಅಕ್ಕ ಸಂಗೀತದ ಟೀಚರು. ಮನೆಯ ಮುಂದಿನ ಹಾಲಿನಲ್ಲಿ ಚಾಪೆ ಹಾಸಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವಳು ‘ಸ’ ಹಿಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸಿನ ಕಂಡಕ್ಟರ್ ಕೂಗುವುದನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದ ಎಂದು ನಮ್ಮ ಮನೆಯಲ್ಲಿ ಪ್ರತೀತಿ. ಇದು ದೃಢಪಟ್ಟಿಲ್ಲ. ದೃಢಪಟ್ಟದ್ದು ಇಷ್ಟು: ಮಂಗಳೂರಿನಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಿಕೊಂಡು ಬಂದ ಮೇಲೆ ಅವಳ ಸ್ವರಸ್ಥಾನ ಕೂದಲೆಳೆಯಷ್ಟೂ ಕದಲಿರಲಿಲ್ಲ, ಆದರೆ ದನಿ ಮಾತ್ರ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ. ಮುಂದಿನ ಸಾಲಿನ ಮಕ್ಕಳಿಗೆ ಕೇಳುತ್ತಿತ್ತು. ಹಿಂದಿನ ಸಾಲಿನವರು ಮುಂದಿನವರನ್ನು ನೋಡಿ ಬಾಯಿ ಆಡಿಸುತ್ತಿದ್ದರು. ಶೀಟಿನ ಮಾಡಿಗೆ ನಾಲ್ಕು ಹನಿ ಬಿದ್ದರೆ ಅದೂ ಇಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು.

“ಪಾಠ ನಿಲ್ಲಿಸ್ತೀನಿ ರೀ. ಕೇಳ್ದೇ ಇರೋ ಸಂಗೀತಕ್ಕೆ ಮಕ್ಕಳು ಎಂತಕ್ಕೆ ಬರ್ಬೇಕು?” ಎಂದಳು ಅಕ್ಕ.

“ನಿಂದು ಹೋಗಿರೋದು ಸಂಗೀತ ಅಲ್ಲ, ಸದ್ದು,” ಎಂದರು ಭಾವ, ಪಲ್ಪರಿನ ಪಕ್ಕ ನಿಂತೇ ಮಾತಾಡುವ ತಮ್ಮ ಮಾಮೂಲಿ ಗಂಟಲಿನಲ್ಲಿ. “ಸದ್ದು ನನ್ನ ಡಿಪಾರ್ಟ್‌ಮೆಂಟು. ಹಿಂದಿನ ಗೋಡೆವರೆಗೂ ಕೇಳೋ ಹಂಗೆ ಮಾಡ್ಕೊಡ್ತೀನಿ.”

ಚಿಕ್ಕಮಗಳೂರಿನ ಅಂಗಡಿಯಲ್ಲಿ ಮೈಕ್‌ಸೆಟ್ಟು ಸಿದ್ಧವಾಗಿಯೇ ಸಿಗುತ್ತದಲ್ಲ, ತಂದುಬಿಡೋಣವೇ ಎಂದು ನಾನು ಕೇಳಿದೆ. ಭಾವ ನನ್ನನ್ನು ನೋಡಿದ ನೋಟವನ್ನು ಪತ್ರಿಕೆಯಲ್ಲಿ ಬರೆಯಲಾಗದು.

“ಅದ್ರಲ್ಲಿ ‘ಮಗು ಕಳೆದುಹೋಗಿದೆ, ಸ್ಟೇಜ್ ಹತ್ರ ಬನ್ನಿ’ ಅಂತ ಕೂಗ್ಬೋದು ಮಾರಾಯ. ನಿನ್ನ ಅಕ್ಕನ ಗಂಟಲು ಈಗ ಎಳೆ ನೂಲಿದ್ದಂಗಿದೆ. ನೂಲನ್ನ ತಗಡಿನ ಡಬ್ಬದಲ್ಲಿ ಹಾಕಿ ಅಲ್ಲಾಡಿಸ್ತಾರಾ? ವಾಲ್ವೇ ಆಗ್ಬೇಕು.”

ಹೀಗೆ ಮೊದಲನೆಯ ಆಂಪ್ಲಿಫೈಯರ್ ಸಿದ್ಧವಾಯಿತು. ನೋಡಲು ಅದು ಆಪರೇಷನ್ ಥಿಯೇಟರಿನಿಂದ ಅರ್ಧಕ್ಕೇ ಎದ್ದು ಬಂದವನ ಹಾಗಿತ್ತು. ಸ್ವಿಚ್ಚು ಹಾಕಿದರೆ ಅಕ್ಕನ ದನಿ ಹಿಂದಿನ ಗೋಡೆಗೆ ತಲುಪಿತು, ನಿಜ. ಆದರೆ ಅದರ ಜೊತೆಗೆ ಒಂದು ಗುಂಯ್‌ಗುಡುವ ಸದ್ದೂ ತಲುಪಿತು. ಅಕ್ಕ ಬಾಯಿ ಮುಚ್ಚಿದರೂ ಅದು ಮುಚ್ಚದು. ಒಳಗಿದ್ದ ದೊಡ್ಡ ಟ್ರಾನ್ಸ್‌ಫಾರ್ಮರು ಲೈನಿನ ಕರೆಂಟನ್ನು ಬಂದ ಹಾಗೆಯೇ ನುಂಗಿ ಗೊಣಗುತ್ತದಂತೆ, ಆ ಗೊಣಗು ಸ್ಪೀಕರಿಗೂ ಇಳಿಯುತ್ತದಂತೆ.

ಈ ಗೊಣಗನ್ನು ಅಡಗಿಸಲು ಭಾವ ನಡೆಸಿದ ಪರೀಕ್ಷೆಗಳು ನೋಡುವಂತಿದ್ದವು. ಅವರು ಯಂತ್ರದ ಒಂದು ತಂತಿ ಆಚೀಚೆ ಮಾಡಿ ಅಕ್ಕನ ಮುಖ ನೋಡುವರು. “ಇದೆಯಾ?” ಅಕ್ಕ ಅಂಪೈರಿನ ಹಾಗೆ ಒಂದು ಬೆರಳು ಎತ್ತುವಳು. ಇದೆ ಎಂದು ಅರ್ಥ. ಇನ್ನೊಂದು ತಂತಿ. “ಈಗ?” ಮತ್ತೆ ಬೆರಳು. ಭಾವ ಒಂದು ದಿನವೂ ಸ್ವಂತ ಕಿವಿ ಕೊಟ್ಟು ಕೇಳಿದವರಲ್ಲ. ‘ಸ’ ಯಾವುದು ‘ಪ’ ಯಾವುದು ಎಂದು ತಿಳಿಯದವರಿಗೆ ಅದೂ ಸರಿಯೇ ಎಂದುಕೊಂಡೆ.

ಕೊನೆಗೆ ಬೆರಳೆತ್ತಿ ಬೆರಳೆತ್ತಿ ಸಾಕಾಗಿ ಅಕ್ಕ ಹೇಳಿದಳು: “ಈ ದರಿದ್ರ ಸದ್ದು ಸರಿಯಾಗಿ ಐದನೇ ಮನೆಯಲ್ಲಾದ್ರೂ ಇದ್ದಿದ್ರೆ ಸಹಿಸ್ಬೋದಿತ್ತು. ಅದಕ್ಕಿಂತ ಒಂದು ಚೂರು ಕೆಳಗೆ ನಿಂತು ಪ್ರಾಣ ತಿನ್ನುತ್ತೆ.”

ಅಕ್ಕನ ಶ್ರುತಿ ಐದನೇ ಮನೆ. ಹಾಡುವವರು ತಮ್ಮ ಆಧಾರ ಸ್ವರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಅಕ್ಕನ ಮುಖವನ್ನೇ ನೋಡುತ್ತಿದ್ದ ಭಾವ ಥಟ್ಟನೆ ಎದ್ದು ನಿಂತರು.

“ಅಂದ್ರೆ ಹತ್ರ ಇದೆ! ನೀನೇ ಒಂದು ಚೂರು ಇಳಿ. ಆಗ ಇದೇ ಶ್ರುತಿ ಆಯ್ತಲ್ಲ! ಶ್ರುತಿಪೆಟ್ಟಿಗೆ ಆಡಿಸೋ ಕೆಲಸಾನೂ ಇಲ್ಲ.”

ಒಬ್ಬ ಮನುಷ್ಯ ತನ್ನ ಯಂತ್ರದ ದೋಷವನ್ನು ತಿದ್ದಲಾರದೆ ಹೆಂಡತಿಯ ಶ್ರುತಿಯನ್ನೇ ತಿದ್ದಲು ಹೊರಟ ಉದಾಹರಣೆ ನಿಮಗೆ ಬೇರೆಲ್ಲಾದರೂ ಸಿಕ್ಕಿದೆಯೇ? ನನಗೆ ಸಿಕ್ಕಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಅಕ್ಕ ಒಪ್ಪಿದ್ದು! ಪಾಠ ಉಳಿಯಬೇಕಿತ್ತಲ್ಲ.

ಮರುದಿನ ಶ್ರುತಿಪೆಟ್ಟಿಗೆಗೆ ರಜೆ. ಆಂಪ್ಲಿಫೈಯರಿನ ಗುಂಯ್‌ಕಾರವನ್ನೇ ಆಧಾರವಾಗಿಟ್ಟುಕೊಂಡು ಸರಳೆ ವರಸೆ ಶುರುವಾಯಿತು. ಆರಂಭ ಚೆನ್ನಾಗಿಯೇ ಇತ್ತು. ಕತ್ತಲಾಗುತ್ತ ಊರಿನ ದೀಪಗಳು ಹತ್ತಿದವು, ಗಿರಣಿ ತಿರುಗಿತು, ಕರೆಂಟಿನ ಮೇಲೆ ಭಾರ ಬಿತ್ತು. ಭಾರ ಬಿದ್ದ ಕರೆಂಟಿನ ಓಟ ಕುಗ್ಗುತ್ತದೆ. ಓಟ ಕುಗ್ಗಿದರೆ ಆ ಗುಂಯ್‌ಕಾರವೂ ಮೆಲ್ಲಗೆ ಕೆಳಗಿಳಿಯುತ್ತದೆ. ಇಳಿಯಿತು. ಅದನ್ನು ನಂಬಿದ ಮಕ್ಕಳೂ ಇಳಿದರು. ಮಕ್ಕಳನ್ನು ನಂಬಿ ಅಕ್ಕನೂ ಇಳಿದಳು. ಎಷ್ಟು ನಯವಾಗಿ ಇಳಿದರೆಂದರೆ ಒಬ್ಬರಿಗೂ ಗೊತ್ತಾಗಲಿಲ್ಲ. ಪಾಠ ಮುಗಿದಾಗ ಅಭ್ಯಾಸಬಲದಿಂದ ಅಕ್ಕ ಶ್ರುತಿಪೆಟ್ಟಿಗೆ ತೆರೆದಳು ನೋಡಿ, ಅದು ಮೇಲೆಲ್ಲೋ ನಿಂತು ಕಿರುಚಿದಂತಾಯಿತು. ಒಂದು ಹುಡುಗಿ ಕಿವಿ ಮುಚ್ಚಿಕೊಂಡಳು.

ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬ ತಾಯಿ ಬಾಗಿಲಲ್ಲೇ ಕೇಳಿದರು: “ಎಂಥದು ಟೀಚರೇ ಇದು, ಎಲ್ಲ ಸೇರಿ ಹೀಗೆ ಇಳಿದುಬಿಟ್ಟಿದೀರಲ್ಲ?”

ಉತ್ತರ ಬಂದದ್ದು ಭಾವನಿಂದ. “ಇವರೊಬ್ಬರೇ ಇಳಿದಿದ್ದಲ್ಲಮ್ಮ, ಕರೆಂಟಿನ ಜೊತೆ ಇಡೀ ದಕ್ಷಿಣ ಭಾರತ ಇಳಿದಿದೆ! ಎಲ್ಲರೂ ಒಟ್ಟಿಗೆ ಇಳಿದ್ರೆ ಅಪಶ್ರುತಿ ಹೆಂಗಾಗುತ್ತೆ?”

ಆ ತಾಯಿ ಮಗಳನ್ನು ಮತ್ತೆ ಕಳಿಸಲಿಲ್ಲ. ಅಕ್ಕ ಅಂದು ಊಟ ಬಡಿಸುವಾಗ ಹೇಳಿದಳು, “ನಾನು ಕರೆಂಟಿಗೆ ಪಕ್ಕವಾದ್ಯ ಅಲ್ಲ ರೀ.” ಭಾವ ಮಾತಾಡದೆ ಸಾರು ಕಲಸುತ್ತಿದ್ದರು. ಪಶ್ಚಾತ್ತಾಪ ಇರಬಹುದು ಎಂದು ಒಂದು ಗಳಿಗೆ ನನಗೂ ಅನ್ನಿಸಿತ್ತು.

ಬೇಸಿಗೆ ಬಂತು. ಕಾಫಿ ಹೂವರಳಿಸುವ ಹೂವಿನ ಮಳೆಗೆ ಕಾಯಲಾರದೆ ತೋಟದವರೆಲ್ಲ ಸ್ಪ್ರಿಂಕ್ಲರ್ ಹಚ್ಚುವ ಕಾಲ. ಪಂಪುಗಳೆಲ್ಲ ಒಟ್ಟಿಗೆ ಕರೆಂಟು ಕುಡಿಯತೊಡಗಿದರೆ ಊರಿನ ಬಲ್ಬುಗಳು ಹಣ್ಣು ಮೆಣಸಿನಕಾಯಿಯ ಹಾಗೆ ಕಾಣುತ್ತವೆ. ಆಂಪ್ಲಿಫೈಯರಿನ ವಾಲ್ವುಗಳು ಕೆಂಪಾಗುವುದನ್ನೂ ಬಿಟ್ಟವು. ಈಗ ಗೊಣಗೂ ಇಲ್ಲ, ಹಾಡೂ ಇಲ್ಲ. ಯುಗಾದಿಗೆ ಪಾಠ ಮುಗಿಸಿಬಿಡುವುದೆಂದು ಅಕ್ಕ ತೀರ್ಮಾನಿಸಿದಳು. ಉಳಿದಿದ್ದ ಮಕ್ಕಳ ಮನೆಗಳಿಗೂ ಹೇಳಿ ಕಳಿಸಿದಳು.

ಆಗಲೇ ಭಾವನಿಗೆ ಸಾಕ್ಷಾತ್ಕಾರವಾದದ್ದು. ಬೋಧಿವೃಕ್ಷದ ಜಾಗದಲ್ಲಿ ಪಕ್ಕದ ಮನೆಯ ಕಲರ್ ಟಿವಿ ಇತ್ತು. ಬಲ್ಬು ಮೆಣಸಿನಕಾಯಿಯಾದರೂ ಟಿವಿಯ ಚಿತ್ರ ಒಂಚೂರೂ ಕುಗ್ಗಿರಲಿಲ್ಲ. ಯಾಕೆ? ಅದರೊಳಗೆ ಟ್ರಾನ್ಸ್‌ಫಾರ್ಮರಿನ ಬದಲು ಸ್ವಿಚಿಂಗ್ ಸಪ್ಲೈ ಇತ್ತು. ಭಾವ ನನಗೆ ವಿವರಿಸಿದ್ದು ಹೀಗೆ: ಟ್ರಾನ್ಸ್‌ಫಾರ್ಮರು ಬಡಿಸಿದ್ದಷ್ಟನ್ನೇ ಉಣ್ಣುವ ಸಾಧು. ಸ್ವಿಚಿಂಗ್ ಸಪ್ಲೈ ಹಾಗಲ್ಲ. ಕರೆಂಟು ಹೆಚ್ಚು ಬರಲಿ ಕಮ್ಮಿ ಬರಲಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಬೇಕಾದಷ್ಟನ್ನೇ ಅಳೆದು ಒಳಗೆ ಬಿಡುತ್ತದೆ. ಅದು ಕತ್ತರಿಸುವ ಸದ್ದು ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ. ರೇಡಿಯೋಗಳ ಕಿವಿಗೆ ಕೇಳುತ್ತದೆ. ಈ ಕೊನೆಯ ವಾಕ್ಯವನ್ನು ಭಾವ ನನಗೆ ಹೇಳಿರಲಿಲ್ಲ.

ವಾಲ್ವು ಮಾರುವ ಚಿಕ್ಕಮಗಳೂರಿನ ಹಳೆಯ ರೇಡಿಯೋ ಮೆಕ್ಯಾನಿಕ್ಕಿಗೆ ಈ ಯೋಜನೆ ಕೇಳಿ ಕೋಪವೇ ಬಂತು. “ವಾಲ್ವಿಗೆ ಸ್ವಿಚಿಂಗ್ ಸಪ್ಲೈಯಾ? ಮಡಿ ಉಟ್ಟ ಭಟ್ರ ಹಣೆಗೆ ಬ್ಯಾಟ್ರಿ ಕಟ್ಟಿದಂಗಾಯ್ತು!”

“ಕಟ್ಟಿದ್ರೆ ತಪ್ಪೇನು? ಭಟ್ರು ಎಡವೋದಾದ್ರೂ ತಪ್ಪುತ್ತೆ,” ಎಂದು ಭಾವ ಬಸ್ಸು ಹತ್ತಿದರು.

ಸಿಡಿಲಿಗೆ ಸತ್ತ ಟಿವಿಗಳಿಗೆ ನಮ್ಮ ಕಡೆ ಬರವೇ? ಬಾಳೂರಿನಿಂದ ಒಂದು, ಕಳಸದಿಂದ ಒಂದು ಬಂದವು. ವಾಲ್ವುಗಳಿಗೆ ದೊಡ್ಡ ವೋಲ್ಟೇಜು ಬೇಕು. ಒಂದು ಟಿವಿಯ ಸಪ್ಲೈ ಸಾಲದೆ ಎರಡನ್ನು ರಿಪೇರಿ ಮಾಡಿ, ಒಂದರ ಹೆಗಲ ಮೇಲೆ ಒಂದನ್ನು ನಿಲ್ಲಿಸಿದ ಹಾಗೆ ಜೋಡಿಸಿದರು. ವಾಲ್ವುಗಳನ್ನು ಬಿಸಿಮಾಡುವ ಕೆಲಸಕ್ಕೆ ಯಾವುದೋ ಎಸ್ಟೇಟ್ ಆಫೀಸಿನ ಕಂಪ್ಯೂಟರಿನೊಳಗಿದ್ದ ಸಪ್ಲೈ. ಆ ಮಾರ್ಚಿನ ಸಂಜೆ ಸ್ವಿಚ್ಚು ಒತ್ತಿದರು. ವಾಲ್ವುಗಳು ಕೆಂಪಾದವು. ಭಾವ ಅಕ್ಕನ ಕೈ ನೋಡಿದರು. ಅಕ್ಕ ಬೆರಳು ಎತ್ತಲಿಲ್ಲ. “ಇದೆಯಾ?” ಎಂದು ಮತ್ತೆ ಕೇಳಿದರು. ಅಕ್ಕ ಮೈಕಿನ ಮುಂದೆ ಬಗ್ಗಿ, ಇಲ್ಲ ಎಂದಳು. ಆ ‘ಇಲ್ಲ’ ಹಿಂದಿನ ಗೋಡೆಗೆ ಹೋಗಿ ಮುಟ್ಟಿತು.

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ ಶುರುವಾಗಿತ್ತು.

ಮುಂದಾಳು ಎದುರುಮನೆಯ ಮೇಷ್ಟ್ರು. ರಿಟೈರಾದ ಮೇಲೆ ಅವರಿಗೆ ಉಳಿದಿದ್ದ ಏಕೈಕ ಶಿಷ್ಯ ಅವರ ರೇಡಿಯೋ. ಕರೆಂಟೇ ಬೇಡದ, ಸೆಲ್ಲು ಹಾಕುವ ಟ್ರಾನ್ಸಿಸ್ಟರು ಅದು. ಅದೂ ಹುರಿಯುತ್ತಿತ್ತು! ಅದನ್ನು ಮಗುವಿನಂತೆ ಎದೆಗವಚಿಕೊಂಡು ಮೇಷ್ಟ್ರು ಅಂಗಳಕ್ಕೆ ಬಂದು ಕೂಗಿದರು:

“ಎಂಥದು ಮಾರಾಯ್ರೆ ನಿಮ್ಮದು! ಮಂತ್ರಿಮಂಡಲ ವಿಸ್ತರಣೆ ಆಯ್ತೋ ಇಲ್ವೋ ಗೊತ್ತಾಗ್ಲಿಲ್ಲ!”

“ಗೊತ್ತಾದ್ರೆ ನಿಮಗೇನು ಖಾತೆ ಕೊಡ್ತಾರಾ?” ಎಂದು ಭಾವನೂ ಕೂಗಿದರು.

ಮೇಷ್ಟ್ರು ನನ್ನ ಕಡೆ ತಿರುಗಿ, ಇದು ನಾಳೆಯ ಪೇಪರಿನಲ್ಲಿ ಬರಬೇಕು ಎಂದರು. ನಾನು ಪ್ರತಿಕ್ರಿಯೆ ನೀಡಲು ನಿರಾಕರಿಸಿದೆ. ಆ ವಾರವಿಡೀ ಪಾಠದ ಹೊತ್ತಿಗೆ ಬೀದಿಯವರು ತಮ್ಮ ತಮ್ಮ ಜಗಲಿಯಲ್ಲಿ ನಿಂತು ಅಕ್ಕನ ಮನೆಯತ್ತ ನೋಡುವುದು ನಡೆಯಿತು. ಕೆಟ್ಟ ಮಾತಿಗಿಂತ ಆ ನೋಟ ಅಕ್ಕನನ್ನು ಚುಚ್ಚಿತು.

“ಸಾಕು ರೀ. ಬೀದಿಯೋರ ಶಾಪ ತಗೊಂಡು ನಾನು ಸಂಗೀತ ಹೇಳಲ್ಲ. ಯುಗಾದಿಗೆ ಮುಗೀತು ಅಂದ್ರೆ ಮುಗೀತು.”

“ಯುಗಾದಿಗೆ ಇನ್ನೂ ದಿನ ಇದೆಯಲ್ಲ,” ಎಂದು ಭಾವ ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಪ್ರೆಷರ್ ಕುಕ್ಕರ್ ಇತ್ತು.

ಸ್ವಿಚಿಂಗ್ ಸಪ್ಲೈ ಚೆಲ್ಲುವ ಕೊಳೆಯನ್ನು ಲೋಹದ ಪಾತ್ರೆಯೊಳಗೆ ಮುಚ್ಚಿಟ್ಟರೆ ಹೊರಗೆ ಬರುವುದಿಲ್ಲ ಎಂಬುದು ಸಿದ್ಧಾಂತ. ಮೊದಲು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟು ನೋಡಿದ್ದರು, ಸೀಮೆಎಣ್ಣೆ ಡಬ್ಬದಲ್ಲಿಯೂ ನೋಡಿದ್ದರು. ಮುಚ್ಚಳ ಬಿಗಿಯಾಗಿ ಕೂರುವ ಪಾತ್ರೆ ಮನೆಯಲ್ಲಿ ಇದ್ದದ್ದು ಒಂದೇ. ಸೀಟಿ ಕೂರುವ ತೂತಿನಲ್ಲಿ ತಂತಿ ಹೊರಬಂತು. ಅಂದಿನಿಂದ ಅಕ್ಕನ ಮನೆಯಲ್ಲಿ ಅನ್ನ ಬೋಗುಣಿಯಲ್ಲಿ, ಕರೆಂಟು ಕುಕ್ಕರಿನಲ್ಲಿ! ಊಟಕ್ಕೆ ಹೋದವರಿಗೆಲ್ಲ ಮುಂದಿನ ಹಾಲಿನಲ್ಲಿ ಕುಕ್ಕರು ಕಾಣುತ್ತಿತ್ತು, ಒಲೆಯ ಮುಂದೆ ಅಕ್ಕ ಅಗುಳು ಹಿಚುಕಿ ನೋಡುತ್ತಿರುವುದು ಕಾಣುತ್ತಿತ್ತು. ಎರಡಕ್ಕೂ ಸಂಬಂಧ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊಳೆಯೇನೋ ಕಮ್ಮಿಯಾಯಿತು. ಉಳಿದದ್ದು ಮನೆಯ ವೈರಿನ ಮೂಲಕ ಬೀದಿಗೆ ಹರಿಯುತ್ತಿದೆ ಎಂದು ಪತ್ತೆಯಾಯಿತು. ಸತ್ತ ಟಿವಿಗಳಿಂದ ಕಪ್ಪು ಬಳೆಯಂಥ ಉಂಗುರಗಳನ್ನು ಕಿತ್ತು, ಅವಕ್ಕೆ ತಂತಿ ಸುತ್ತಿ, ಮೀಟರ್ ಬೋರ್ಡಿನ ಪಕ್ಕ ತಡೆ ಕಟ್ಟಿದರು.

ಯುಗಾದಿಯ ಹಿಂದಿನ ದಿನ ಬಹಿರಂಗ ಪರೀಕ್ಷೆ. ಕರೆದವರು ಭಾವ, ಬಂದವರು ಇಡೀ ಬೀದಿ. ಒಳಗೆ ಅಕ್ಕ ಮೈಕಿನ ಮುಂದೆ ಕೂತಿದ್ದಳು, ಕುಕ್ಕರು ಚಾಲೂ ಇತ್ತು. ಮೇಷ್ಟ್ರು ಟ್ರಾನ್ಸಿಸ್ಟರ್ ಹಿಡಿದು ತಮ್ಮ ಜಗಲಿಯಿಂದ ಹೊರಟರು. ದೇವರ ಪಲ್ಲಕ್ಕಿಯ ಹಿಂದೆ ನಡೆದಂತೆ ಉಳಿದವರು ಹಿಂದೆ ನಡೆದರು. ಬೀದಿ ದಾಟಿದರು, ವಾರ್ತೆ ಸ್ಪಷ್ಟ. ಅಂಗಳ, ಸ್ಪಷ್ಟ. ಮೆಟ್ಟಿಲು, ಸ್ಪಷ್ಟ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರು, ಕರ್ರ್ ಎಂದಿತು. ಹೊರಗೆ ಬಂದರು, ಸ್ಪಷ್ಟ. ಮತ್ತೆ ಒಳಗೆ, ಕರ್ರ್.

ಭಾವನ ಮುಖ ಬಾಡಿತು. ಮೇಷ್ಟ್ರು ಯೋಚಿಸಿ ತೀರ್ಪು ಕೊಟ್ಟರು: “ಹೊಸ್ತಿಲ ಹೊರಗೆ ಸದ್ದಿಲ್ಲ. ಒಳಗಿನ ಸದ್ದು ನಿಮ್ಮ ಸಂಸಾರದ್ದು, ಅದಕ್ಕೂ ಬೀದಿಗೂ ಸಂಬಂಧ ಇಲ್ಲ.”

ಹಾಗಾಗಿ ಯುಗಾದಿಗೆ ನಿಲ್ಲಬೇಕಿದ್ದ ಪಾಠ ನಿಲ್ಲಲಿಲ್ಲ. ಬಿಟ್ಟುಹೋದ ಮಕ್ಕಳಲ್ಲಿ ಕೆಲವರು ತಿರುಗಿ ಬಂದರು. ಕೇಳಿದ್ದನ್ನು ನಂಬದೆ ನೋಡಿ ಬರೆಯುವುದು ನನ್ನ ಅಭ್ಯಾಸವಾದ್ದರಿಂದ, ಒಂದು ಸಂಜೆ ನಾನೇ ಹೋಗಿ ಹಿಂದಿನ ಗೋಡೆಗೆ ಒರಗಿ ಕೂತೆ. ಸುದ್ದಿ ನಿಜವಾಗಿತ್ತು. ಅಕ್ಕ ಹಾಡುವಾಗ ಉಸಿರು ತೆಗೆದುಕೊಳ್ಳುವುದೂ ಅಲ್ಲಿಗೆ ಕೇಳುತ್ತಿತ್ತು. ಸ್ಪೀಕರಿನ ಹತ್ತಿರವೇ ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕೂತಿದ್ದವರು ಭಾವ.

“ಏನು ಭಾವ, ಸಂಗೀತ ಯಾವಾಗಿನಿಂದ?” ಎಂದು ಮೆಲ್ಲಗೆ ಕೆಣಕಿದೆ. ಅವರು ಕದಲಲಿಲ್ಲ. ಮತ್ತೆ ಕೇಳಿದೆ. ಆಗಲೂ ಇಲ್ಲ. ಜಂಬ ಏರಿದೆ ಎಂದುಕೊಂಡು ಅಡುಗೆಮನೆಗೆ ಹೋದೆ. ಪಾಠ ಮುಗಿಸಿ ಬಂದ ಅಕ್ಕನಿಗೆ ಅದನ್ನೇ ಹೇಳಿದೆ.

ಅಕ್ಕ ಭಾವ ಕೂತಿದ್ದ ಹಾಲಿನತ್ತ ಒಮ್ಮೆ ನೋಡಿ, ಬಾಗಿಲು ಅರ್ಧ ಮುಂದೆ ಮಾಡಿದಳು.

“ಅವ್ರಿಗೆ ಕೇಳಲ್ಲ ಮಾರಾಯ. ಪಲ್ಪರು, ಇಂಜಿನ್ನು ಅಂತ ಇದ್ದೂ ಇದ್ದೂ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು. ಗಟ್ಟಿ ಮಾತಾಡಿದ್ರೆ ಮಾತ್ರ ಕೇಳುತ್ತೆ. ಯಾರ ಹತ್ರಾನೂ ಹೇಳ್ಬೇಡ ಅಂದಿದ್ರು. ಆಗ ನಂಗೆ ಗಂಟಲಿತ್ತಲ್ಲ, ನಡೀತಿತ್ತು. ಆಪರೇಷನ್ ಆದ್ಮೇಲೆ ನಾನು ಏನು ಹೇಳಿದ್ರೂ ಬರೀ ಬಾಯಿ ಆಡೋದು ನೋಡ್ಕೊಂಡು ಊಹಿಸ್ತಿದ್ರು. ಮೊದಲು ಮಾಡಿದ ಯಂತ್ರದಲ್ಲಿ ಆ ಗುಂಯ್ ಸದ್ದಿನೊಳಗೆ ನನ್ನ ದನಿ ಮುಳುಗಿಹೋಗ್ತಿತ್ತು. ಹೋದ ತಿಂಗಳು ಸ್ವಿಚ್ಚು ಹಾಕಿದ ದಿನ ಮೈಕಲ್ಲಿ ‘ಇಲ್ಲ’ ಅಂದ್ನಲ್ಲ, ಆಪರೇಷನ್ ಆದ್ಮೇಲೆ ಅವ್ರು ಕೇಳಿದ ನನ್ನ ಮೊದಲ್ನೇ ಮಾತು ಅದು.”

ಅವಳು ಲೋಟಕ್ಕೆ ಕಾಫಿ ಬಗ್ಗಿಸಿದಳು. ಒಂದನ್ನು ನನಗೆ ಕೊಟ್ಟಳು, ಇನ್ನೊಂದನ್ನು ಭಾವನ ಹತ್ತಿರ ತೆಗೆದುಕೊಂಡು ಹೋದಳು.

2005ರಲ್ಲಿ ಅಕ್ಕ ಪಾಠ ನಿಲ್ಲಿಸಿದಳು. ಆಂಪ್ಲಿಫೈಯರ್ ನಿಂತಿಲ್ಲ. ಮೈಕು ಈಗ ಅಡುಗೆಮನೆಯ ಕಿಟಕಿಯಲ್ಲಿದೆ, ಸ್ಪೀಕರು ಹಿತ್ತಲ ಶೆಡ್ಡಿನಲ್ಲಿದೆ. ಕಳೆದ ಭಾನುವಾರ ನಾನು ಅಲ್ಲಿದ್ದೆ. ವಾಲ್ವುಗಳು ಕಾಯಲು ಸ್ವಲ್ಪ ಹೊತ್ತು ಬೇಕು. ಅಕ್ಕ ಸ್ವಿಚ್ಚು ಹಾಕಿ, ಗಂಜಿ ಬಸಿದು, ಎಲೆ ಹಾಕಿ, ಆಮೇಲೆ ಮೈಕಿನ ಹತ್ತಿರ ಬಗ್ಗಿ ಹೇಳಿದಳು: “ಊಟಕ್ಕೆ ಬನ್ನಿ.” ಭಾವ ಕೈ ಒರೆಸಿಕೊಳ್ಳುತ್ತ ಬಂದರು.